ವಾರಸುದಾರರಿಲ್ಲದ ಹಳಿಗಳು

2021ರ ಜನವರಿಯಲ್ಲಿ ನಮ್ಮ ಅಂಜನಾಪುರದ ಬದಿಗೆ ಮೆಟ್ರೋ ಬಂದಿತು. ಯಲಚೇನಹಳ್ಳಿಯಲ್ಲಿ ಕೊನೆಗೊಳ್ಳುತ್ತಿದ್ದ ಹಸಿರು ಮಾರ್ಗವು ರೇಷ್ಮೆ ಸಂಸ್ಥೆಯವರೆಗೆ ವಿಸ್ತರಿಸಿತು. ಅದೇ ತಿಂಗಳು ನಗರದ ಉತ್ತರದ ತುದಿಯಲ್ಲಿ, ದೇವನಹಳ್ಳಿಯ ವಿಮಾನ ನಿಲ್ದಾಣದ ಸಮೀಪ, ಒಂದು ಪುಟ್ಟ ರೈಲು ನಿಲುಗಡೆಯೂ ಆರಂಭವಾಯಿತು. ಮೊದಲನೆಯದನ್ನು ನಾವೆಲ್ಲರೂ ಸಂಭ್ರಮಿಸಿದೆವು. ಎರಡನೆಯದರ ಹಿಂದೆ ಒಂದು ಶತಮಾನದ ಚರಿತ್ರೆಯಿದೆ ಎಂಬುದನ್ನು ಗಮನಿಸಿದವರು ವಿರಳ.

ಬೆಂಗಳೂರು–ಚಿಕ್ಕಬಳ್ಳಾಪುರ ಲಘು ರೈಲುಮಾರ್ಗವು 1915ರಲ್ಲಿ ಆರಂಭವಾಯಿತು. ಹಳಿಗಳ ನಡುವಿನ ಅಂತರ ಕೇವಲ ಎರಡೂವರೆ ಅಡಿ. ಮುಂದೆ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರಗಳ ಮೂಲಕ ಕೋಲಾರದವರೆಗೂ ಇದೇ ಕಿರು ಹಳಿ ಸಾಗುತ್ತಿತ್ತು. ಶಿಡ್ಲಘಟ್ಟವೆಂದರೆ ರೇಷ್ಮೆಗೂಡಿನ ಮಾರುಕಟ್ಟೆ. ಅಲ್ಲಿ ನೂಲು ಬಿಚ್ಚುವ ಕಸುಬನ್ನೇ ನಂಬಿದ ಮುಸ್ಲಿಂ ಕುಟುಂಬಗಳು ಅನೇಕ. ಆದರೆ ಕಿರು ಹಳಿಯ ಬೋಗಿ ದೊಡ್ಡ ಹಳಿಯ ಮೇಲೆ ಓಡಲಾರದು. ಸರಕನ್ನು ಇಳಿಸಿ ಮತ್ತೆ ಏರಿಸಬೇಕಾಗುತ್ತಿತ್ತು. ರಸ್ತೆಗಳು ಸುಧಾರಿಸಿದಂತೆ ಬಸ್ಸು, ಲಾರಿಗಳು ಮುಂದಾದವು. ರೈಲು ಹಿಂದೆ ಬಿದ್ದಿತು. ಕಡೆಗೆ ಅದು ನಿಂತಿತು.

ಆದರೂ ಆ ದಾರಿ ಅಳಿಯಲಿಲ್ಲ. ಹಂತಹಂತವಾಗಿ ಅಲ್ಲಿ ಅಗಲ ಹಳಿ ಹಾಸಲಾಯಿತು. 2013ರಲ್ಲಿ ಕೋಲಾರ–ಚಿಕ್ಕಬಳ್ಳಾಪುರ ಭಾಗದಲ್ಲಿ ರೈಲು ಮತ್ತೆ ಓಡಿತು. ಪಾಳುಬಿದ್ದಿದ್ದ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ನಿಲ್ದಾಣಗಳ ಹಳೆಯ ಕಟ್ಟಡಗಳನ್ನು ಇಂಟ್ಯಾಕ್ ಸಂಸ್ಥೆಯು ಈಚಿನ ವರ್ಷಗಳಲ್ಲಿ ಜೀರ್ಣೋದ್ಧಾರಗೊಳಿಸಿದೆ.

ಇದೇ ಕಾಲದ ಇನ್ನೊಂದು ಕಿರು ಹಳಿಯ ಕಥೆ ನಮ್ಮ ಮನಸ್ಸನ್ನು ಕಲಕುತ್ತದೆ. ಉಸ್ಮಾನಿ ಸುಲ್ತಾನ್ ಎರಡನೆಯ ಅಬ್ದುಲ್ ಹಮೀದರು 1900ರಲ್ಲಿ ಹಿಜಾಝ್ ರೈಲುಮಾರ್ಗದ ನಿರ್ಮಾಣಕ್ಕೆ ಆದೇಶಿಸಿದರು. ಅದಕ್ಕಾಗಿ ಜಗತ್ತಿನ ಮುಸ್ಲಿಮರು ದೇಣಿಗೆ ನೀಡಿದರು. ಭಾರತದಿಂದಲೂ ಹಣ ಹೋಯಿತು. 1908ರಲ್ಲಿ ದಮಾಸ್ಕಸ್‌ನಿಂದ ಹೊರಟ ರೈಲು ಸುಮಾರು 1300 ಕಿಲೋಮೀಟರ್ ದೂರದ ಮದೀನಾವನ್ನು ತಲುಪಿತು. ಒಂಟೆಯ ಮೇಲೆ ಸುಮಾರು 40 ದಿನ ಹಿಡಿಯುತ್ತಿದ್ದ ಹಜ್ಜ್ ಯಾತ್ರಿಕರ ಪಯಣ ಕೆಲವೇ ದಿನಗಳಿಗೆ ಇಳಿಯಿತು. ಆ ಮಾರ್ಗವನ್ನು ವಕ್ಫ್ ಎಂದೂ ಘೋಷಿಸಲಾಯಿತು.

ಆದರೆ ಮೊದಲ ಮಹಾಯುದ್ಧದಲ್ಲಿ ಸೇತುವೆಗಳು ಸಿಡಿದವು, ಹಳಿಗಳು ಕಿತ್ತುಹೋದವು. ಯುದ್ಧದ ನಂತರ ಸಾಮ್ರಾಜ್ಯ ಒಡೆದು, ಒಂದೇ ಮಾರ್ಗ ಹಲವು ದೇಶಗಳ ಪಾಲಾಯಿತು. 1960ರ ದಶಕದಲ್ಲಿ ದುರಸ್ತಿಯ ಯತ್ನ ನಡೆಯಿತು. 1967ರ ಯುದ್ಧದೊಂದಿಗೆ ಅದೂ ನಿಂತಿತು. ಮದೀನಾದ ಆ ನಿಲ್ದಾಣ ಇಂದು ವಸ್ತುಸಂಗ್ರಹಾಲಯ. 2018ರಿಂದ ಮಕ್ಕಾ–ಮದೀನಾ ನಡುವೆ ಅತಿವೇಗದ ಹರಮೈನ್ ರೈಲು ಓಡುತ್ತಿದೆಯಾದರೂ, ಅದು ಬೇರೆಯೇ ದಾರಿ.

ಹಿಜಾಝಿನ ಹಳಿಗೆ ಹಣದ ಕೊರತೆಯಾಗಲಿ ಭಕ್ತಿಯ ಕೊರತೆಯಾಗಲಿ ಇರಲಿಲ್ಲ. ಲಕ್ಷಾಂತರ ಜನರ ಪ್ರೀತಿ ಅದರ ಹಿಂದಿತ್ತು. ಚಿಕ್ಕಬಳ್ಳಾಪುರದ ಹಳಿಗೆ ಅಂಥ ಕೀರ್ತಿಯೇನೂ ಇರಲಿಲ್ಲ. ಆದರೆ ರೈಲು ನಿಂತ ಮೇಲೂ ಅದರ ದಾರಿ ಒಂದೇ ಇಲಾಖೆಯ ಹೊಣೆಯಲ್ಲಿತ್ತು. ಹಿಜಾಝಿನ ಹಳಿಯಾದರೋ ಹಲವರ ಪಾಲಾಗಿ, ಇಡೀ ದಾರಿಗೆ ಹೊಣೆಯಾಗುವವರೇ ಇಲ್ಲವಾಯಿತು. ದೇಣಿಗೆ ಕೊಟ್ಟವರ ಪುಣ್ಯ ಅವರಿಗುಂಟು. ಕಾಪಾಡುವ ಕರ್ತವ್ಯ ಮಾತ್ರ ಅನಂತರದವರದ್ದಾಗಿತ್ತು.

ಅಮಾನತ್ತನ್ನು ಹಕ್ಕುದಾರರಿಗೆ ಮುಟ್ಟಿಸಬೇಕೆಂದು ಕುರ್‌ಆನ್ ನಮಗೆ ಕಲಿಸುತ್ತದೆ. ನಾಳಿನ ಪೀಳಿಗೆಯೂ ಒಂದು ಹಕ್ಕುದಾರ ಅಲ್ಲವೇ? ನಮ್ಮ ಊರುಗಳ ಖಬರಸ್ತಾನ, ಹಳೆಯ ಮದ್ರಸ, ವಕ್ಫ್ ಜಮೀನು, ಊರ ಕೆರೆ: ಇವುಗಳ ದಾಖಲೆ ಯಾರ ಬಳಿಯಿದೆ, ಗಡಿ ಎಲ್ಲಿದೆ ಎಂದು ನಾವು ಕೇಳಿದ್ದೇವೆಯೇ? ಕಟ್ಟಿದವರನ್ನು ಹೊಗಳುವುದು ಸುಲಭ. ಕಾಯುವವರು ಯಾರು ಎಂಬ ಪ್ರಶ್ನೆಗೆ ಉತ್ತರಿಸಬೇಕಾದವರು ನಾವು.