ಚಿತ್ರದುರ್ಗದ ಸೀಮೆಯಲ್ಲಿ ‘ಪವಿತ್ರೀಕರಣ’: ಒಂದು ಶಬ್ದವಿಚಾರ

ಕ್ರೈಸ್ತ ಧರ್ಮಶಾಸ್ತ್ರದಲ್ಲಿ ಪವಿತ್ರೀಕರಣವೆಂದರೆ, ಕ್ಷಮೆ ಪಡೆದ ಮನುಷ್ಯನು ದೇವರಾತ್ಮನ ಬಲದಿಂದ ಬರಬರುತ್ತ ದೇವರಿಗೆ ತಕ್ಕವನಾಗುವುದು. ಕ್ಷಮೆಯು ದೇವರು ಮನುಷ್ಯನಿಗಾಗಿ ಮಾಡುವ ಕಾರ್ಯ, ಪವಿತ್ರೀಕರಣವು ಮನುಷ್ಯನೊಳಗೆ ಮಾಡುವ ಕಾರ್ಯ ಎಂದು ಜಾನ್ ವೆಸ್ಲಿಯವರು ವಿಭಾಗಿಸಿದರು. ಕ್ರೈಸ್ತ ಪೂರ್ಣತೆಯನ್ನು ಕುರಿತ ಅವರ 1766ರ ಗ್ರಂಥವು ಆ ಪೂರ್ಣತೆಯನ್ನು ಪ್ರೇಮದ ಪೂರ್ಣತೆಯೆಂದೇ ನಿರೂಪಿಸುತ್ತದೆ. ತಪ್ಪು ತಿಳಿವಳಿಕೆಯಿಂದಲೂ ದೇಹದ ದೌರ್ಬಲ್ಯದಿಂದಲೂ ಬಿಡುಗಡೆಯೆಂದಲ್ಲ. ಅವರ ಹೆಸರಿನ ಮಿಷನ್ನು 19ನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನದಲ್ಲಿ ನೆಲೆಗೊಂಡಿತು. ಥಾಮಸ್ ಹಾಡ್ಸನ್ನರು 1837ರಲ್ಲಿ ಗುಬ್ಬಿಯಲ್ಲಿ ನಿಂತು ಕನ್ನಡದಲ್ಲಿ ಬೋಧಿಸತೊಡಗಿದರು. ಕಾಲಕ್ರಮದಲ್ಲಿ ಚಿತ್ರದುರ್ಗವೂ ಆ ಮಿಷನ್ನಿನ ಠಾಣ್ಯಗಳಲ್ಲೊಂದಾಯಿತು.

ತತ್ತ್ವವನ್ನು ಬೋಧಕರು ತಂದರು. ಶಬ್ದವನ್ನು ಕನ್ನಡವೇ ಕೊಡಬೇಕಾಗಿತ್ತು. ಈ ಸೀಮೆಯಲ್ಲಾದರೋ ಶುದ್ಧಿಯ ಮಾತು ಹೊಸದಾಗಿರಲಿಲ್ಲ. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿರುವ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಯು, ಕರ್ಮಕ್ಷಯದಿಂದ ಜೀವನು ಏರುವ ಮೆಟ್ಟಿಲುಗಳನ್ನು ಹದಿನಾಲ್ಕು ಗುಣಸ್ಥಾನಗಳಾಗಿ ಎಣಿಸಿದ ಜೈನರ ನೆಲೆಯನ್ನು ಇಂದಿಗೂ ಸೂಚಿಸುತ್ತದೆ. ಚಿತ್ರದುರ್ಗವು ಮುರುಘಾಮಠದ ಪೀಠ. ಭಕ್ತಸ್ಥಲದಿಂದ ಐಕ್ಯದವರೆಗಿನ ಷಟ್‌ಸ್ಥಲದ ಪರಿಭಾಷೆ ಅಲ್ಲಿ ಮನೆಮಾತು. ಇವೆರಡಕ್ಕಿಂತಲೂ ಬಲವಾದ ಮೂರನೆಯ ಬಳಕೆಯೊಂದಿತ್ತು. ಅದೇ ಹಿರಿಯೂರು, ಹೊಳಲ್ಕೆರೆಗಳ ಹಳ್ಳಿಗಳಲ್ಲಿ ಬಾವಿಯ ಬಳಿಯಲ್ಲಿಯೂ ಬಾಗಿಲ ಹೊಸ್ತಿಲಲ್ಲಿಯೂ ನಿತ್ಯವೂ ನಡೆಯುತ್ತಿದ್ದ ಮಡಿ ಮೈಲಿಗೆಗಳ ಬಳಕೆ.

ಕ್ರೈಸ್ತರ ಗ್ರಂಥಭಾಷೆ ರೂಪುಗೊಳ್ಳತೊಡಗಿದ್ದು ಈ ಸೀಮೆಗೆ ಉತ್ತರದ ನೆರೆಯಾದ ಬಳ್ಳಾರಿಯಲ್ಲಿ. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರು ಬೈಬಲನ್ನು ಕನ್ನಡಿಸಿದರು. ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಮುಂದೆ ಅದನ್ನು ಪರಿಷ್ಕರಿಸಿದರು. ಇಲ್ಲಿ ಒಂದು ತೊಡಕು ಎದುರಾಯಿತು. ಹೀಬ್ರೂವಿನ ‘ಕಾದೋಷ್’, ಗ್ರೀಕಿನ ‘ಹಾಗಿಯೊಸ್’ ಎಂಬವುಗಳಿಗೆ ದೇವರಿಗಾಗಿ ಬೇರ್ಪಡಿಸಿದುದು, ದೇವರ ಸ್ವತ್ತಾದುದು ಎಂಬುದೇ ಮೊದಲ ಅರ್ಥ, ಕೊಳೆಯಿಲ್ಲದುದು ಎಂಬುದಲ್ಲ. ಅಶೌಚವಿಲ್ಲದುದಕ್ಕೆ ಹೀಬ್ರೂವಿನಲ್ಲಿ ‘ತಾಹೋರ್’ ಎಂಬ ಬೇರೆಯ ಧಾತುವಿನ ಶಬ್ದವೇ ಉಂಟು. ಕನ್ನಡದ ‘ಶುದ್ಧ’, ‘ಪರಿಶುದ್ಧ’ಗಳ ನಡುವಣ ಅಂತರವೋ ಒಂದು ಉಪಸರ್ಗ ಮಾತ್ರ.

ಅನುವಾದಕರು ಒಂದೇ ಮೂಲವನ್ನು ಮೂರಾಗಿ ಒಡೆದರು. ಗುಣವನ್ನು ಹೇಳುವಲ್ಲಿ ‘ಪರಿಶುದ್ಧ’ವೆಂದೂ, ಅರ್ಪಣೆಯನ್ನು ಹೇಳುವಲ್ಲಿ ‘ಪ್ರತಿಷ್ಠಿಸು’ ಎಂದೂ, ವಿಶ್ವಾಸಿಗಳನ್ನು ಕರೆಯುವಲ್ಲಿ ‘ದೇವಜನರು’ ಎಂದೂ ಕನ್ನಡ ಬೈಬಲಿನಲ್ಲಿ ಕಾಣುತ್ತೇವೆ. ‘ಪ್ರತಿಷ್ಠಿಸು’ ಎಂಬುದನ್ನು ಆರಿಸಿದ್ದು ಸೋಜಿಗವೇ ಸರಿ. ಹೊಳಲ್ಕೆರೆಯಲ್ಲಿ ಬಯಲಿನಲ್ಲಿ ಕುಳಿತಿರುವ 15ನೆಯ ಶತಮಾನದ ಬೃಹತ್ ಗಣಪತಿಯನ್ನು ನೋಡಿದವನಿಗೆ ಪ್ರತಿಷ್ಠೆಯೆಂದರೆ ಶಿಲೆಯನ್ನು ಮಂತ್ರಪೂರ್ವಕವಾಗಿ ದೇವರಾಗಿ ನಿಲ್ಲಿಸುವುದು. ವಿಗ್ರಹಗಳನ್ನು ಖಂಡಿಸಿದವರೇ ವಿಗ್ರಹಸ್ಥಾಪನೆಯ ಶಬ್ದವನ್ನು ಎತ್ತಿಕೊಂಡರು; ಅರ್ಥದೃಷ್ಟಿಯಿಂದ ಮಾತ್ರ ಅದು ‘ಶುದ್ಧ’ಕ್ಕಿಂತ ಮೂಲಕ್ಕೆ ಹತ್ತಿರ.

ಇದು ಬರಿಯ ಕೋಶಕಾರರ ಚರ್ಚೆಯಲ್ಲ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಸಭೆಗೆ ಸೇರಿದವರಲ್ಲಿ ಅನೇಕರು ಊರಾಚೆಯ ಕೇರಿಗಳವರು. ಹುಟ್ಟಿನಿಂದಲೇ ಮೈಲಿಗೆಯವರೆಂದು ಊರು ತೀರ್ಮಾನಿಸಿದ್ದ ಜನ. ಅಂಥವನಿಗೆ ‘ಶುದ್ಧನಾಗು’ ಎಂದು ಉಪದೇಶಿಸಿದರೆ, ಊರಿನವರ ತೀರ್ಪನ್ನೇ ದೇವರೂ ಒಪ್ಪಿದಂತೆ ಕೇಳಿಸುವುದು ಅಸಂಭವವಲ್ಲ. ‘ದೇವಜನ’ವೆಂಬ ಮಾತಿಗೆ ಈ ದೋಷವಿಲ್ಲ. ಅದು ಮೊದಲು ಸಂಬಂಧವನ್ನು ಹೇಳುತ್ತದೆ. ನಡತೆ ಆ ಸಂಬಂಧದಿಂದ ಹುಟ್ಟಬೇಕು. ಅಪೊಸ್ತಲನಾದ ಪೌಲನು ಕೊರಿಂಥದ ಸಭೆಗೆ ಬರೆದ ಪತ್ರದ ಕ್ರಮವೂ ಹೀಗೆಯೇ ಇದೆ: ಜಗಳ, ವ್ಯಾಜ್ಯ, ದುರ್ನಡತೆಗಳಿದ್ದ ಆ ಜನರನ್ನು ಮೊದಲು ದೇವಜನರೆಂದು ಕರೆದು, ಆಮೇಲೆ ಗದರಿಸುತ್ತಾನೆ. ಮೂರು ಅನುವಾದಗಳಲ್ಲಿ ಇದೇ ಶ್ರೇಷ್ಠವೆನ್ನಬೇಕು.

ಈ ಸೀಮೆಯಲ್ಲಿ ಕೈಗೆಟುಕುವಂತಿದ್ದ ಇನ್ನೊಂದು ಶಬ್ದವನ್ನು ಪ್ರಾಟೆಸ್ಟೆಂಟ್ ಅನುವಾದಕರು ಬಳಸಲಿಲ್ಲ. ಷಟ್‌ಸ್ಥಲದಲ್ಲಿ ಮೂರನೆಯದು ಪ್ರಸಾದಿಸ್ಥಲ. ಅಲ್ಲಿ ವಸ್ತು ಪವಿತ್ರವಾಗುವುದು ತೊಳೆಯುವುದರಿಂದಲ್ಲ, ಅರ್ಪಿತವಾಗುವುದರಿಂದ. ಇಷ್ಟ, ಪ್ರಾಣ, ಭಾವಲಿಂಗಗಳಿಗೆ ಅರ್ಪಿಸಿ ಪಡೆದುದು ಶುದ್ಧ, ಸಿದ್ಧ, ಪ್ರಸಿದ್ಧ ಪ್ರಸಾದಗಳೆನಿಸಿ, ಕಡೆಗೆ ಭಕ್ತನ ಕಾಯವೇ ಪ್ರಸಾದಕಾಯವಾಗುತ್ತದೆ. ಸ್ಥಲದಿಂದ ಸ್ಥಲಕ್ಕೆ ಏರುವ ಈ ಕ್ರಮವು ವೆಸ್ಲಿಯವರು ಹೇಳಿದ ಕ್ರಮವೃದ್ಧಿಯನ್ನು ನೆನಪಿಗೆ ತರುತ್ತದೆ. ಆದರೆ ಸಾಮ್ಯವನ್ನು ಹೆಚ್ಚು ಎಳೆಯಬಾರದು. ಷಟ್‌ಸ್ಥಲದ ಗುರಿ ಲಿಂಗಾಂಗ ಸಾಮರಸ್ಯ. ವೆಸ್ಲಿಯವರಲ್ಲಿ ಪ್ರೇಮವು ಎಷ್ಟು ಪೂರ್ಣವಾದರೂ ದೇವರು ದೇವರಾಗಿಯೂ ಮನುಷ್ಯನು ಮನುಷ್ಯನಾಗಿಯೂ ಉಳಿಯುತ್ತಾರೆ. ನೈವೇದ್ಯದ ವಾಸನೆಯುಳ್ಳ ಶಬ್ದವೆಂದು ಅನುವಾದಕರು ಅಂಜಿದ್ದರೆ ಅದನ್ನು ತಪ್ಪೆನ್ನಲಾಗದು. ಅವರು ‘ಕೃಪೆ’ಯನ್ನು ಹಿಡಿದರು. ಕನ್ನಡ ಕಥೋಲಿಕರು ಅಂಜಲಿಲ್ಲ: ಅವರ ಪ್ರಾರ್ಥನೆಗಳಲ್ಲಿ ದೇವರ ಕೃಪೆಗೆ ‘ವರಪ್ರಸಾದ’ವೆಂದೂ, ಪವಿತ್ರಗೊಂಡ ರೊಟ್ಟಿಗೆ ‘ಪರಮಪ್ರಸಾದ’ವೆಂದೂ ಹೆಸರು.