ಬಾನೆಟ್ ಮೇಲಿನ ಸುಣ್ಣ

ಬೋರ್‌ವೆಲ್ ನೀರಲ್ಲಿ ಕಾರು ತೊಳೆದು ಬಿಸಿಲಿಗೆ ಬಿಟ್ಟರೆ ಒಂದೊಂದು ಹನಿಯೂ ಬಿಳಿ ಉಂಗುರ ಬಿಟ್ಟು ಹೋಗುತ್ತೆ. ಅದು ಕೊಳೆಯಲ್ಲ, ಹೆಚ್ಚಿನಂಶ ಸುಣ್ಣ. ನಮ್ಮೂರಲ್ಲಿ ಇದಕ್ಕೆ ಗಡಸು ನೀರು ಅಂತಾರೆ. ಇದರಲ್ಲಿ ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ. ಅಂಟುವಾಳ ಮಾತ್ರ ಇದಕ್ಕೂ ಜಗ್ಗದೆ ನೊರೆ ಕೊಡುತ್ತೆ. ಆದರೆ ಇಷ್ಟು ತಿಳಿಯಾದ ನೀರೊಳಗೆ ಕಲ್ಲು ಅಡಗಿ ಕೂರೋದಾದರೂ ಹೇಗೆ?

ಇದನ್ನು ಬಿಡಿಸಿದವನು ಲಂಡನ್ನಿನ ಹೆನ್ರಿ ಕ್ಯಾವೆಂಡಿಶ್. ಎಂಥ ಸಂಕೋಚದ ಮನುಷ್ಯ ಅಂದರೆ, ಮನೆಯ ಹೆಣ್ಣಾಳುಗಳಿಗೆ ಏನಾದರೂ ಹೇಳಬೇಕಾದರೆ ಚೀಟಿ ಬರೆದಿಡುತ್ತಿದ್ದನಂತೆ. ರಾತ್‌ಬೋನ್ ಪ್ಲೇಸ್ ಅನ್ನೋ ಬೀದಿಯ ಪಂಪಿನ ನೀರು ಕುದಿಸಿದರೆ ಪಾತ್ರೆಯ ತಳದಲ್ಲಿ ಸುಣ್ಣ ಕೂರುತ್ತಿತ್ತು. ಆ ನೀರಿನ ಬಗ್ಗೆಯೇ ಆತ ಬರೆದ ಪ್ರಬಂಧ 1767ರಲ್ಲಿ ಅಚ್ಚಾಯಿತು. ಶುದ್ಧ ನೀರಲ್ಲಿ ಸುಣ್ಣದಕಲ್ಲು ಹೆಚ್ಚುಕಮ್ಮಿ ಕರಗೋದೇ ಇಲ್ಲ. ನೀರಲ್ಲಿ ಹೆಚ್ಚುವರಿ ಇಂಗಾಲದ ಡೈ ಆಕ್ಸೈಡ್ ಇದ್ದರೆ ಮಾತ್ರ ಕರಗುತ್ತೆ. ಕುದಿಸಿದಾಗ ಆ ಗಾಳಿ ಹಾರಿಹೋಗಿ ಕಲ್ಲು ಮತ್ತೆ ಕಲ್ಲಾಗುತ್ತೆ. ಕಾದ ಬಾನೆಟ್ ಮೇಲೆ ಹನಿ ಆರುವಾಗ ನಡೆಯೋದೂ ಇದೇ.

1841ರಲ್ಲಿ ಅಬರ್‌ಡೀನ್‌ನ ಪ್ರೊಫೆಸರ್ ಥಾಮಸ್ ಕ್ಲಾರ್ಕ್ ಒಂದು ಪೇಟೆಂಟ್ ಪಡೆದ. ಗಡಸು ನೀರಿಗೆ ಇನ್ನಷ್ಟು ಸುಣ್ಣದ ನೀರು ಹಾಕಿ ಅಂದ! ಅದು ಹೆಚ್ಚುವರಿ ಗಾಳಿಯನ್ನೆಲ್ಲ ಹೀರಿಕೊಂಡಾಗ ಹಳೇ ಸುಣ್ಣ, ಹೊಸ ಸುಣ್ಣ ಎರಡೂ ತಳಕ್ಕಿಳಿಯುತ್ತವೆ. ಮುಳ್ಳಿನಿಂದಲೇ ಮುಳ್ಳು ತೆಗೆದ ಹಾಗೆ.

ಬೆಂಗಳೂರಿಗೆ 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ಕೊಳಾಯಿ ನೀರು ಬಂತು. ಆದರೆ ಊರು ಪೈಪಿಗಿಂತ ಜೋರಾಗಿ ಓಡಿತು. ಪೈಪು ತಲುಪದ ಲೇಔಟುಗಳಿಗೆ ಬಂಡೆಯೊಳಗಿನ ನೀರೇ ಗತಿ. ಬಂಡೆಸಂದಿಯಲ್ಲಿ ಎಷ್ಟೋ ಕಾಲ ನಿಂತು ಲವಣ ಕುಡಿದ ನೀರು ಅದು. ನಮ್ಮ ಬಾನೆಟ್ ಮೇಲಿರೋದು ಈ ಚರಿತ್ರೆಯೇ ಅಂತ ನನಗನಿಸುತ್ತೆ.

ಹೊಸ ಕಲೆಯಾದರೆ ಬಿಳಿ ವಿನೆಗರ್‌ಗೆ ಸಮ ನೀರು ಬೆರೆಸಿ, ನೆರಳಲ್ಲಿ, ಮೈ ತಣ್ಣಗಿರುವಾಗ ಬಟ್ಟೆಯಲ್ಲಿ ಅದ್ದಿ ಒಂದು ನಿಮಿಷ ಇಡಿ, ಚೆನ್ನಾಗಿ ತೊಳೆದು ಒರೆಸಿ. ಸುಣ್ಣ ಕರಗುವಾಗ ಹೊರಬರೋದು ಕ್ಯಾವೆಂಡಿಶ್ ಅಂದು ಬೆನ್ನಟ್ಟಿದ್ದ ಅದೇ ಗಾಳಿ. ಬಣ್ಣದೊಳಕ್ಕೇ ಇಳಿದ ಹಳೇ ಕಲೆಗೆ ಇದು ಸಾಲದು, ಪಾಲಿಶ್ ಬೇಕು. ಉಗುರು, ಸ್ಕ್ರಬ್ಬರ್ ಎರಡೂ ದೂರ ಇರಲಿ.

ಕಲೆ ಬೀಳದಿರಬೇಕಾದರೆ ನೀರು ಆರುವ ಮುಂಚೆ ಒರೆಸಬೇಕು, ಅಷ್ಟೇ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂದಾಗ, ಎಷ್ಟೋ ಜನ ಆರ್‌ಒ ಯಂತ್ರ ಹೊರಬಿಡುವ ನೀರನ್ನು ಬಕೆಟ್ಟಲ್ಲಿ ಹಿಡಿದಿಟ್ಟರು. ಉಳಿತಾಯವೇನೋ ಸರಿ. ಆದರೆ ಶೋಧಿಸಿ ಬಿಟ್ಟ ಲವಣವೆಲ್ಲ ಸೇರಿರೋದು ಅದರಲ್ಲೇ. ಅದು ನೆಲ ಒರೆಸಲು ಹೋಗಲಿ. ಕಾರಿಗೆ ಅರ್ಧ ಬಕೆಟ್ ಮಳೆನೀರು, ಎರಡು ಮೈಕ್ರೋಫೈಬರ್ ಬಟ್ಟೆ ಸಾಕು.