ಗೇಮ್ ಡೆಮೊ

ವಿಡಿಯೊ ಗೇಮ್ ಕೊಳ್ಳುವ ಮೊದಲು ಆಡಿ ನೋಡಲೆಂದು ತಯಾರಕರು ಸಾಮಾನ್ಯವಾಗಿ ಉಚಿತವಾಗಿ ಕೊಡುವ, ಆಟದ ಒಂದು ಭಾಗವಷ್ಟೇ ಇರುವ ಆವೃತ್ತಿ. ಇದರ ಬೇರು ಶೇರ್‌ವೇರ್ ಪದ್ಧತಿಯಲ್ಲಿದೆ. ಅಮೆರಿಕದ ಇಡ್ ಸಾಫ್ಟ್‌ವೇರ್ 1993ರ ಡಿಸೆಂಬರ್‌ನಲ್ಲಿ ಹೊರತಂದ ‘ಡೂಮ್’ ಪ್ರಸಿದ್ಧ ನಿದರ್ಶನ: ಮೂರು ಕಂತುಗಳಲ್ಲಿ ಮೊದಲನೆಯದನ್ನು ಯಾರು ಬೇಕಾದರೂ ನಕಲು ಮಾಡಿ ಹಂಚಬಹುದಿತ್ತು, ಅದರ ರುಚಿ ಹತ್ತಿದವರು ಹಣ ಕಳುಹಿಸಿ ಉಳಿದೆರಡನ್ನು ಅಂಚೆಯಲ್ಲಿ ತರಿಸಿಕೊಳ್ಳುತ್ತಿದ್ದರು. ಮುಂದೆ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿ.ಡಿ.ಗಳು, ಬಳಿಕ ಡೌನ್‌ಲೋಡ್ ಈ ಕೆಲಸ ವಹಿಸಿಕೊಂಡವು.

ಗುಂಡಿ ಒತ್ತಿದಾಗ ಪಾತ್ರ ಎಷ್ಟು ಚುರುಕಾಗಿ ಸ್ಪಂದಿಸುತ್ತದೆ, ಮನೆಯ ಕಂಪ್ಯೂಟರಿನಲ್ಲಿ ಆಟ ತಡವರಿಸದೆ ಓಡುತ್ತದೆಯೇ ಎಂಬುದು ಟ್ರೇಲರ್‌ನಿಂದ ತಿಳಿಯುವುದಿಲ್ಲ. ಕೊಳ್ಳುವವರಿಗೆ ಡೆಮೊದ ನಿಜವಾದ ಉಪಯೋಗ ಇದೇ. ಮಾರುವವರಿಗೂ ಲಾಭವಿದೆ: 2018ರ ‘ಆಕ್ಟೊಪಾತ್ ಟ್ರಾವೆಲರ್’ ಆಟದ 3 ಗಂಟೆಗಳ ಡೆಮೊದಲ್ಲಿ ಸಾಧಿಸಿದ್ದನ್ನು ಪೂರ್ಣ ಆಟದಲ್ಲಿ ಮುಂದುವರಿಸಬಹುದಿತ್ತು. ಹೀಗೆ ಹಾಕಿದ ಶ್ರಮ ಉಳಿಯುವುದೇ ಕೊಳ್ಳಲು ಪ್ರೇರಣೆಯಾಗುತ್ತದೆ. ಕೆಲವೊಮ್ಮೆ ಡೆಮೊವೇ ಸರಕಾಗುವುದೂ ಉಂಟು: 2001ರಲ್ಲಿ ‘ಜೋನ್ ಆಫ್ ದಿ ಎಂಡರ್ಸ್’ ಆಟವನ್ನು ಹಲವರು ಕೊಂಡದ್ದು ಅದರೊಡನೆ ಬಂದ ‘ಮೆಟಲ್ ಗಿಯರ್ ಸಾಲಿಡ್ 2’ರ ಡೆಮೊಗಾಗಿ. ಆದರೆ ನೀರಸ ಡೆಮೊ ಮಾರಾಟಕ್ಕೆ ಪೆಟ್ಟು ಕೊಡುತ್ತದೆ. ಸಣ್ಣ ಆಟವಾದರೆ ಡೆಮೊದಲ್ಲೇ ಕುತೂಹಲ ತಣಿದು ಖರೀದಿ ನಿಲ್ಲಬಹುದು. 2015ರಿಂದ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಮಳಿಗೆಯಲ್ಲಿ, ಕೊಂಡ 14 ದಿನಗಳೊಳಗೆ ಮತ್ತು 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಮರಳಿ ಪಡೆಯುವ ಅವಕಾಶವಿದ್ದು, ಅದೂ ಡೆಮೊದಂತೆಯೇ ಬಳಕೆಯಾಗುತ್ತಿದೆ.